ದೊಡ್ಡಮ್ಮನ ರಜೆ

“ಶೀನಪ್ಪಣ್ಣ, ನಿಮ್ಮ ತಾಯಿ ತೀರಿಹೋಗಿ ಐದು ವರ್ಷ ಆಯ್ತಲ್ಲ?” ಆಫೀಸಿನಲ್ಲಿ ರಜೆಯ ಲೆಕ್ಕ ನೋಡುವ ಗ್ರೇಸಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದಳು.

“ಅದು ಅಮ್ಮ. ಇವತ್ತು ಬೆಳಿಗ್ಗೆ ಹೋದದ್ದು ದೊಡ್ಡಮ್ಮ,” ಎಂದ ಸ್ಟೋರ್‌ಕೀಪರ್ ಶೀನಪ್ಪ.

ಗಲ್ಫಿನ ನೈಫ್ ಪೇಟೆಯ ಆ ಹಾರ್ಡ್‌ವೇರ್ ಕಂಪನಿಯಲ್ಲಿ ಮಾಮೂಲಿ ರಜೆಗೆ ಹದಿನೈದು ದಿನ ಮೊದಲೇ ಅರ್ಜಿ ಹಾಕಬೇಕು. ಸಾವಿನ ರಜೆಯಾದರೆ ಅವತ್ತೇ ಸಿಗುತ್ತದೆ. ಆದರೆ ಸಾಯುವವರು ಪಟ್ಟಿಯಲ್ಲಿ ಇದ್ದವರೇ ಆಗಿರಬೇಕು: ತಂದೆ, ತಾಯಿ, ಹೆಂಡತಿ, ಮಕ್ಕಳು. ಅಲ್ಲಿಗೆ ಪಟ್ಟಿ ಮುಗಿಯಿತು.

“ಅಮ್ಮ ಹಗಲಿಡೀ ಬೀಡಿ ಕಟ್ಟುತ್ತಿದ್ದರು. ನನ್ನನ್ನು ಸಾಕಿದ್ದು, ಅಆಇಈ ತಿದ್ದಿಸಿದ್ದು ದೊಡ್ಡಮ್ಮನೇ ಮೇಡಂ. ಅವರಿಗೆ ಮಕ್ಕಳಿಲ್ಲ. ನಾಳೆ ಹತ್ತು ಗಂಟೆಗೆ ಕೊಳ್ಳಿ ಇಡಬೇಕಾದವ ನಾನು. ಸಂಜೆ ಮಂಗಳೂರಿಗೆ ಫ್ಲೈಟ್ ಉಂಟು.”

“ನಂಗೆ ಅರ್ಥ ಆಗ್ತದೆ, ನಾನೂ ಕಾರ್ಕಳದವಳೇ. ಇದಕ್ಕೆ ಅರ್ಥ ಆಗ್ಬೇಕಲ್ಲ?” ಗ್ರೇಸಿ ‘ತಾಯಿ’ ಎಂದಿದ್ದಲ್ಲಿ ಒತ್ತಿದಳು. ಪರದೆಯ ಮೇಲೆ ಕೆಂಪಕ್ಷರ ಮೂಡಿತು. ತಾಯಿ: ಅರ್ಹತೆ ಒಂದು, ಬಳಸಿದ್ದು ಒಂದು, ಉಳಿದದ್ದು ಸೊನ್ನೆ.

ಅಷ್ಟರಲ್ಲಿ ಮ್ಯಾನೇಜರ್ ಗೇಬ್ರಿಯಲ್ ಬಂದು ಇಣುಕಿದ. ದೊಡ್ಡಮ್ಮ ಎಂದರೆ ದೊಡ್ಡ ಅಮ್ಮ ಎಂದು ಗ್ರೇಸಿ ಅವನಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಅವನು ತಲೆ ಕೆರೆದುಕೊಂಡ.

“ಹಾಗಾದರೆ ಮೊದಲು ಸತ್ತದ್ದು ಸಣ್ಣ ಅಮ್ಮನೋ? ದೊಡ್ಡ ಅಮ್ಮ ಬದುಕಿರುವಾಗ ಸಣ್ಣ ಅಮ್ಮನ ಹೆಸರಲ್ಲಿ ರಜೆ ಕೊಟ್ಟದ್ದು ಯಾರು?”

ಗ್ರೇಸಿ ಮತ್ತೆ ಪರದೆಯತ್ತ ತಿರುಗಿದಳು.

“ಯಲ್ಲಾ, ಬೇಗ ಬೇಗ ಏನಾದರೂ ಮಾಡಿ. ಸಿಸ್ಟಂ ಒಪ್ಪಿದರೆ ನನ್ನದೇನೂ ಅಡ್ಡಿಯಿಲ್ಲ,” ಎಂದು ಹೇಳಿ ಅವನು ಹೊರಟುಹೋದ.

ಗ್ರೇಸಿ ತುಸು ಹೊತ್ತು ಅದು ಇದು ಒತ್ತಿ ನೋಡಿದಳು. ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡು ದನಿ ತಗ್ಗಿಸಿದಳು.

“ಹೊಸ ತಾಯಿಯನ್ನು ಸೇರಿಸ್ಲಿಕ್ಕೆ ಬಿಡುದಿಲ್ಲ ಇದು. ಆದ್ರೆ ಹಳೇ ತಾರೀಕು ತಪ್ಪಾಗಿದೆ ಅಂತ ತಿದ್ದಬಹುದು. ಆಗ ನಿಮ್ಮ ಅಮ್ಮ ತೀರಿಹೋದದ್ದು ಇವತ್ತು ಬೆಳಿಗ್ಗೆ.”

ಅಲ್ಲಿಯವರೆಗೆ ನಿಂತೇ ಇದ್ದ ಶೀನಪ್ಪ ಕುಳಿತುಕೊಂಡ. “ಮತ್ತೆ ಈ ಐದು ವರ್ಷ?”

“ಬದುಕಿದ್ರು. ಕಂಪನಿ ಪ್ರಕಾರ.”

ಅವನು ಗೋಡೆಯ ಗಡಿಯಾರ ನೋಡಿದ. ವಿಮಾನಕ್ಕೆ ಇನ್ನು ಐದೇ ಗಂಟೆ. “ಹಾಗೇ ಮಾಡಿ,” ಎಂದ.

ಗ್ರೇಸಿ 2011 ಅಳಿಸಿ 2016 ಎಂದು ಬರೆದಳು. ಪರದೆ ಕ್ಷಣಕಾಲ ಯೋಚಿಸಿ ಇನ್ನೊಂದು ಪ್ರಶ್ನೆ ಮುಂದಿಟ್ಟಿತು.

“ಇದರದ್ದೊಂದು ಕರ್ಮ! ಅಮ್ಮ ಸಾಯದಿದ್ರೆ 2011ರಲ್ಲಿ ಏಳು ದಿನ ಊರಿಗೆ ಹೋದದ್ದು ಯಾಕೆ ಅಂತ ಕೇಳ್ತದೆ. ಕಾರಣ ತುಂಬದೆ ಮುಂದೆ ಹೋಗ್ಲಿಕ್ಕೆ ಬಿಡುದಿಲ್ಲ. ಏನು ಹಾಕ್ಲಿ?”

ಶೀನಪ್ಪ ಬಹಳ ಹೊತ್ತು ಯೋಚಿಸಲಿಲ್ಲ.

“ಅಮ್ಮನಿಗೆ ಹುಷಾರಿರಲಿಲ್ಲ ಅಂತ ಹಾಕಿ,” ಎಂದ. “ಆಮೇಲೆ ಗುಣ ಆಯ್ತು ಅಂತಲೂ ಹಾಕಿ ಮೇಡಂ.”