ಇಪ್ಪತ್ತನಾಲ್ಕು ಲೋಟ

ಮೊದಲ ಪಂಕ್ತಿಗೆ ಎಲೆ ಹಾಕಿ ಆಗಿತ್ತು. ಗುರುಪ್ರಕಾಶ್ ಮೂರನೆಯ ಎಲೆಯ ಪಕ್ಕದಲ್ಲಿದ್ದ ಸ್ಟೀಲ್ ಲೋಟ ಎತ್ತಿ, ಅದರ ಮೇಲೆ ಕೊರೆದಿದ್ದ ಅಕ್ಷರ ಓದಿ, ಲೋಟ ಹಿಡಿದುಕೊಂಡೇ ತಾರಸಿಯ ಮೂಲೆಯಲ್ಲಿದ್ದ ಒಲೆಗಳ ಹತ್ತಿರ ಬಂದ. ಗುಬ್ಬಿಯಲ್ಲಿ ಅವನು ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ ಅಂದು. ಅಡುಗೆ ಉಮಾಮಹೇಶ್ವರಿಯದು.

"ಏನಮ್ಮ ಇದು? 'ಜುಂಜಪ್ಪ, ಕೋರ, ನಾಮಕರಣ' ಅಂತಿದೆ. ಈ ಮನೆ ಕಟ್ಟಿದ ಗಾರೆ ಮೇಸ್ತ್ರಿ ಹೆಸರಲ್ವಾ?"

"ಹೌದು ಸಾರ್. ಹೋದ ವರ್ಷ ಅವ್ರೂರು ಕೋರದಲ್ಲಿ ಅವ್ರ ಮೊಮ್ಮಗಳ ನಾಮಕರಣಕ್ಕೂ ನಾನೇ ಅಡುಗೆ ಮಾಡಿದ್ದು."

"ನಮ್ಮನೆ ಫಂಕ್ಷನ್ನಲ್ಲಿ ನಮ್ಮ ಬೀಗರು ಮೇಸ್ತ್ರಿ ಹೆಸರಿನ ಲೋಟದಲ್ಲಿ ನೀರು ಕುಡೀಬೇಕಾ? ಎರವಲು ತಂದವ್ರೆ ಅಂದ್ಕೊಳಲ್ವಾ?"

ಆರ್ಡರ್ ಬಂದ ಕಡೆ ಹೋಗಿ ಅಡುಗೆ ಮಾಡಿಕೊಡುವುದು ಉಮಾಮಹೇಶ್ವರಿಯ ಕಸುಬು. ಅಂಗಡಿಯಿಲ್ಲ, ಬೋರ್ಡಿಲ್ಲ, ಒಂದು ಫೋನ್ ನಂಬರ್, ಜೊತೆಗೆ ಮೂರು ಜನ ಹೆಂಗಸರು. ಪ್ರತಿ ಅಡುಗೆ ಮುಗಿದ ಮೇಲೆ ತನಗೆ ಉಳಿದದ್ದರಲ್ಲಿ ಎರಡು ಡಜನ್ ಲೋಟ ಕೊಂಡು, ತುಮಕೂರಿನ ಪಾತ್ರೆ ಅಂಗಡಿಯಲ್ಲಿ ಆ ಮನೆಯವರ ಹೆಸರು ಕೊರೆಸುತ್ತಿದ್ದಳು. ತನ್ನ ಹೆಸರು ಒಂದರ ಮೇಲೂ ಇರಲಿಲ್ಲ. ಯಾರು ಕೇಳಿದರೂ, ತಾನು ಅಡುಗೆ ಮಾಡದ ಮನೆಗೂ, ಬಾಡಿಗೆಯಿಲ್ಲದೆ ಲೋಟ ಕೊಡುತ್ತಿದ್ದಳು. ಷರತ್ತು ಒಂದೇ: ಅಲ್ಲಿಗೆ ಪ್ಲಾಸ್ಟಿಕ್ ಬಾಟಲಿ, ಪ್ಲಾಸ್ಟಿಕ್ ಗ್ಲಾಸ್ ಬರಕೂಡದು. ಫೋನಿನಲ್ಲಿ ಈ ಷರತ್ತಿಗೆ ಗುರುಪ್ರಕಾಶನೂ ಹೂಂ ಎಂದಿದ್ದ.

ಈಗ ಅವನು ದನಿ ತಗ್ಗಿಸಿದ. ಮುಂದಿನ ತಿಂಗಳು ಕುಣಿಗಲ್ಲಿನಲ್ಲಿ ತಂಗಿಯ ಮದುವೆ, ಸಾವಿರದ ಐನೂರು ಎಲೆ, ಅಡುಗೆ ನಿಮಗೇ ಕೊಡಬೇಕೆಂದಿದ್ದೆ ಎಂದು ನೆನಪಿಸಿದ. ಕೆಳಗೆ ಬಾಟಲಿ ಕೇಸುಗಳು ಬಂದಿವೆ, ಅವನ್ನು ಹಂಚಿಸಿ ಈ ಲೋಟಗಳನ್ನು ಒಳಗಿಡಿಸಲು ಹೇಳಿದ. ಉಮಾಮಹೇಶ್ವರಿ ಅದುವರೆಗೆ ನಾನೂರು ಎಲೆ ದಾಟಿದವಳಲ್ಲ. ಆ ಮದುವೆ ಸಿಕ್ಕರೆ ನಾಮಕರಣ, ಹೆಣ್ಣುಮಕ್ಕಳ ಆರತಿ ಎಂದು ಪಾತ್ರೆ ಹೊತ್ತು ಊರೂರು ಅಲೆಯುವುದು ತಪ್ಪಿ, ಛತ್ರದ ಅಡುಗೆಯವರ ಸಾಲಿಗೆ ಸೇರಬಹುದಿತ್ತು. ಅವಳು ಸಾರಿನ ಸೌಟನ್ನು ಕೆಳಗಿಟ್ಟಳು.

"ಅನ್ನ ಬಸ್ದಾಗಿದೆ ಸಾರ್, ಬಂದ ಜನಕ್ಕೆ ಬಡಿಸ್ದೆ ಹೋಗಲ್ಲ. ಬಾಟ್ಲಿ ಮಾತ್ರ ನನ್ ಕೈಲಿ ಇಡ್ಸಬೇಡಿ, ನೀವೇ ಇಡಿ. ಮದ್ವೆಗೆ ಬೇರೆಯವ್ರನ್ನ ನೋಡ್ಕೊಳಿ." ಗೋಡೆಯಾಚೆ ನೋಡಿದಳು. "ನಿಮ್ಮ ತಾರಸಿಯಿಂದ ಕೆರೆ ಚೆನ್ನಾಗಿ ಕಾಣ್ತದೆ. ಬಾಟ್ಲಿ ಇಟ್ರೆ, ಇನ್ನೆರಡು ದಿನಕ್ಕೆ ಅವೂ ಅಲ್ಲೇ ಕಾಣ್ತವೆ."

ಗುರುಪ್ರಕಾಶ್ ಬಾಟಲಿ ತರಿಸಲು ಮೆಟ್ಟಿಲ ಕಡೆ ತಿರುಗುವಷ್ಟರಲ್ಲಿ ಜನ ಕೂತುಬಿಟ್ಟಿದ್ದರು. ಮೂರನೆಯ ಎಲೆಗೆ ಕೂತವರು ಕುಣಿಗಲ್ಲಿನ ಅಡವಿಯಪ್ಪ, ಅವನ ತಂಗಿಗೆ ಮಾವನಾಗುವವರು. ಲೋಟವಿಲ್ಲದ್ದು ನೋಡಿ ಪಕ್ಕದೆಲೆಯದನ್ನು ಎಳೆದುಕೊಂಡು, ಕಣ್ಣಿಂದ ದೂರ ಹಿಡಿದು ಗಟ್ಟಿಯಾಗಿ ಓದಿದರು. ಅದೂ ಜುಂಜಪ್ಪನ ಹೆಸರಿನದೇ.

"ಯಾರಪ್ಪ ಇದು ಜುಂಜಪ್ಪ?"

ಗುರುಪ್ರಕಾಶ್ ಮೆಟ್ಟಿಲ ತುದಿಯಲ್ಲೇ ನಿಂತ. ಪಂಕ್ತಿಯ ಕೊನೆಯಲ್ಲಿ, ಬೆಳಿಗ್ಗೆ ಪೂಜೆಯಲ್ಲಿ ಕೊಟ್ಟ ಹೊಸ ಪಂಚೆ ಉಟ್ಟಿದ್ದ ಮೇಸ್ತ್ರಿ ಅರ್ಧ ಎದ್ದು ನಿಂತು, ತಾನೇ, ಈ ಮನೆ ಕಟ್ಟಿದವನು ಎಂದ.

"ಮನೆ ಕಟ್ದೋನೂ ನೀನೆ, ನೀರ್ ಕುಡಿಸೋನೂ ನೀನೆ. ಹಂಗಾರೆ ನಮ್ ಬೀಗ್ರು ಮಾಡಿದ್ದೇನಯ್ಯ?" ಎಂದರು ಅಡವಿಯಪ್ಪ. ಪಂಕ್ತಿಯೆಲ್ಲ ನಕ್ಕಿತು. "ಕೂತ್ಕೊ, ಕೂತ್ಕೊ. ಎಲೆ ಮುಂದೆ ಎದ್ದು ನಿಲ್ಬಾರ್ದು."

ಆಮೇಲೆ ಎಲೆಯ ಕಡೆ ನೋಡಿದವರೇ ಕಡಿಮೆ. ಎಲ್ಲರ ಕೈಯಲ್ಲೂ ಲೋಟ. ಒಬ್ಬರಿಗೆ ನಿಟ್ಟೂರಿನ ಉದಯಕುಮಾರನ ಮನೆಯದು ಸಿಕ್ಕಿತ್ತು, ಇನ್ನೊಬ್ಬರಿಗೆ ಗೂಳೂರಿನ ಭೂಮಿಕಾಳ ಆರತಿಯದು. ಒಬ್ಬ ಹೆಂಗಸು ತನ್ನ ಚಿಕ್ಕಮ್ಮನ ಮಗಳ ಹೆಸರು ಕಂಡು, ಸೀಮಂತಕ್ಕೆ ತನ್ನನ್ನು ಕರೆದೇ ಇರಲಿಲ್ಲವಲ್ಲ ಎಂದು ಅಲ್ಲೇ ಫೋನು ತೆಗೆದಳು. ಉಮಾಮಹೇಶ್ವರಿ ನೀರಿನ ಜಗ್ಗು ಹಿಡಿದು ಸಾಲುದ್ದಕ್ಕೂ ನಡೆದಳು. ಪ್ರತಿ ಲೋಟಕ್ಕೂ ನೀರು ಬಿಡುತ್ತ ಅದು ಯಾವ ಮನೆ, ಏನು ಸಮಾರಂಭ, ಅಂದು ಯಾವ ಪಾಯಸ ಎಂದು ಹೇಳುತ್ತ ಹೋದಳು. ಒಂದೂ ಮರೆತಿರಲಿಲ್ಲ. ನಾಲ್ಕು ಪಂಕ್ತಿ ಎದ್ದರೂ ಬಾಟಲಿ ಕೇಸುಗಳು ಮೆಟ್ಟಿಲ ಕೆಳಗೇ ಇದ್ದವು.

ಜನ ಕರಗಿದ ಮೇಲೆ ಗುರುಪ್ರಕಾಶ್ ಮತ್ತೆ ಒಲೆಯ ಹತ್ತಿರ ಬಂದ. ಒಟ್ಟು ಲೋಟ ಎಷ್ಟಿವೆ ಎಂದು ಕೇಳಿದ. ಏಳುನೂರ ಇಪ್ಪತ್ತು ಎಂದಳು.

"ಮದ್ವೆಗೆ ಸಾಲಲ್ಲ. ಇನ್ನೊಂದು ಎಂಟ್ನೂರು ನಾನೇ ಕೊಡ್ಸ್ತೀನಿ, ನಿಮ್ ಹತ್ರಾನೇ ಇಟ್ಕೊಳಿ. ಎಲ್ಲದ್ರ ಮೇಲೂ ನಮ್ ಹೆಸರು ಹಾಕ್ಸಿ."

ಎಂಟುನೂರು ಲೋಟ ಕೂಡಿಸಲು ಅವಳು ಇನ್ನೂ ಎರಡು ವರ್ಷ ದುಡಿಯಬೇಕಿತ್ತು. ಉಮಾಮಹೇಶ್ವರಿ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಎಂಟ್ನೂರು ಬೇಡ ಸಾರ್. ನಿಮ್ಮ ಹೆಸರು ಇಪ್ಪತ್ನಾಲ್ಕರ ಮೇಲೆ ಮಾತ್ರ. ಜುಂಜಪ್ಪಂಗೂ ಅಷ್ಟೇ ಹಾಕ್ಸಿದ್ದು."

"ಮದ್ವೆಲಿ ಸಾಲ್ದೆ ಹೋದ್ರೆ?"

"ತೊಳೆದು ತೊಳೆದು ಇಡ್ತೀವಿ. ಇವತ್ತು ನಾನು ತಂದಿದ್ದೇ ಇನ್ನೂರು. ನಾಲ್ಕು ಪಂಕ್ತಿ ಆಯ್ತು. ಯಾರಾದ್ರೂ ಬಾಯಾರ್ಕೊಂಡು ಎದ್ರಾ?"

ಗುರುಪ್ರಕಾಶ್ ಕೆರೆಯ ಕಡೆ ನೋಡಿದ. ಮದುವೆಯ ಹಿಂದಿನ ದಿನ ಮಧ್ಯಾಹ್ನವೇ ಛತ್ರಕ್ಕೆ ಬಂದುಬಿಡಿ, ಚಪ್ಪರದ ಊಟವೂ ನಿಮ್ಮದೇ ಎಂದ. ಪೂಜೆಗೆ ಕೂತವನು, ಬೆಳಗಿನಿಂದ ಹನಿ ನೀರು ಮುಟ್ಟಿರಲಿಲ್ಲ. ತೊಳೆದು ಬೋರಲು ಹಾಕಿದ್ದ ಲೋಟಗಳಲ್ಲಿ ಕೈಗೆ ಸಿಕ್ಕ ಒಂದನ್ನು ಎತ್ತಿ, ಡ್ರಮ್ಮಿನ ನಲ್ಲಿಗೆ ಹಿಡಿದು, ನಿಂತಲ್ಲೇ ಕೊನೆಯ ಗುಟುಕಿನವರೆಗೆ ಕುಡಿದ. ಯಾರ ಹೆಸರಿದೆ ಎಂದು ತಿರುಗಿಸಿ ನೋಡಲಿಲ್ಲ.