ಬಿಗಿದ ದಾರ

ಸೇತುವೆಯ ಕೆಳಗಿನ ಮಡುವಿನಲ್ಲಿ ಯಾರೋ ಗಾಳ ಹಾಕಿ ನಿಂತಿದ್ದರು.

ಕಲ್ಲುಗೋಡೆ ದಾಟುತ್ತಿದ್ದ ಕೋಲ್ಮನ್ ಹಾಗೆಯೇ ನಿಂತ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಆದರೂ ತೊಡೆಮಟ್ಟದ ನೀರಿನಲ್ಲಿ ಎಡಭುಜ ತಗ್ಗಿಸಿ ನಿಂತ ಆ ಆಕಾರವನ್ನು ಅವನು ಎಲ್ಲಿದ್ದರೂ ಗುರುತಿಸಬಲ್ಲ. ಫೆಸ್ಟಿ. ಹೊಳೆಯ ಕಾವಲಿಗೆ ಸೇರಿದಂದಿನಿಂದಲೂ ಕೋಲ್ಮನ್ ಬೆನ್ನಟ್ಟುತ್ತ ಬಂದ ಮೀನುಗಳ್ಳ.

ಎದೆಯಲ್ಲಿ ಎದ್ದದ್ದು ಮಾತ್ರ ಆ ಹಳೆಯ ಸಿಟ್ಟಲ್ಲ. ಹೊಳೆ ಮನುಷ್ಯನನ್ನು ತೆಗೆದುಕೊಂಡರೆ, ಅವನು ಸಿಗುವ ತನಕ ಯಾರೂ ನೀರಿಗೆ ದಾರ ಇಳಿಸುವುದಿಲ್ಲ. ಅಜ್ಜಂದಿರ ಕಾಲದಿಂದ ಹಾಗೆಯೇ. ಸುತ್ತಲಿನ ಮನೆಗಳಲ್ಲೆಲ್ಲ ಗಾಳದ ಕೋಲುಗಳು ಅಟ್ಟ ಸೇರಿದ್ದವು. ಟ್ರೌಟ್ ಮೀನು ಹಿಡಿಯಲೆಂದೇ ಡಬ್ಲಿನ್ನಿನಿಂದ ಬಂದವರು ಕೂಡ ವಿಷಯ ಕೇಳಿ, ಗರಿ ಕಟ್ಟಿ ನೊಣದಂತೆ ಮಾಡಿದ ಗಾಳಗಳ ಡಬ್ಬಿ ಮುಚ್ಚಿಕೊಂಡು ವಾಪಸು ಹೋಗಿದ್ದರು.

ಹೊಳೆ ತೆಗೆದುಕೊಂಡದ್ದು ಕೋಲ್ಮನ್‌ನ ಮಗ ರೋನನ್‌ನನ್ನು. ಆಗಸ್ಟಿನ ನೆರೆಯಲ್ಲಿ, ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಕುರಿಗಳನ್ನು ದಾಟಿಸಲು ಹೋದವನು. ಕುರಿಗಳು ಈಜಿ ದಡ ಸೇರಿದವು. ಗಾಲ್ವೇ ಕಡೆಯಿಂದ ಮುಳುಗುಗಾರರು ಬಂದರು, ಹುಡುಕಿದರು, ನೀರು ಕದಡಿದೆ ಎಂದು ತಲೆಯಾಡಿಸಿ ಹೋದರು. ಅಂದಿನಿಂದ ಬೆಳಗಾದರೆ ಕೋಲ್ಮನ್ ಹೊಳೆ ಸಮುದ್ರ ಸೇರುವಲ್ಲಿಯವರೆಗೆ ದಡ ನೋಡುತ್ತ ಹೋಗುತ್ತಾನೆ. ಹೆಂಡತಿ ಡೆಲಿಯಾ ಮೊದಮೊದಲು, "ಮಣ್ಣು ಮಾಡೋಕಾದ್ರೂ ತಂದ್ಕೊಡು ನಂಗೆ" ಎಂದು ಅಳುತ್ತಿದ್ದಳು. ಈಗ ಕೇಳುವುದಿಲ್ಲ. ಬಾಗಿಲಲ್ಲಿ ನಿಂತು, ಅವನ ಬೂಟು ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ ಒಳಗೆ ಹೋಗುತ್ತಾಳೆ. ಇನ್ನೊಂದು ನೆರೆ ಬಂದರೆ ಹೊಳೆಯ ತಳದಲ್ಲಿ ಇರುವುದೆಲ್ಲ ಸಮುದ್ರದ ಪಾಲು. ಪಡುವಣ ಗುಡ್ಡದ ಮೇಲೆ ನಿನ್ನೆಯಿಂದ ಮೋಡ ಕಟ್ಟಿತ್ತು.

"ಲೋ ಕಳ್ಳ!" ಕೋಲ್ಮನ್‌ನ ದನಿ ಒಡೆಯಿತು. "ನಾಚ್ಕೆ ಅನ್ನೋದು ಇದೆಯೇನೋ ನಿಂಗೆ?"

ಫೆಸ್ಟಿ ತಿರುಗಲಿಲ್ಲ. ಅವನ ಕೋಲು ಬಿಲ್ಲಿನ ಹಾಗೆ ಬಾಗಿತ್ತು. ದಾರ ಬಿಗಿದು, ಆಳಕ್ಕೆ ಓರೆಯಾಗಿ ಇಳಿದು, ಅಲ್ಲಾಡದೆ ನಿಂತಿತ್ತು.

"ಬೆಳಗಾಗೆದ್ದು ನಿನ್ನ ಗಂಟ್ಲೇ ಕೇಳ್ಬೇಕಾಯ್ತಲ್ಲ," ಎಂದ. ಮಾತು ತಮಾಷೆಯದು, ದನಿ ಅಲ್ಲ. "ಮನೆಗೆ ಹೋಗು ಕೋಲ್ಮನ್."

"ಅದೂ ಸ್ಪಿನ್ನರ್ ಹಾಕಿದೀಯ. ಈ ಹೊಳೇಲಿ ತಿರುಗೋ ತಗಡಿನ ಗಾಳ ಹಾಕೋ ಹಾಗಿಲ್ಲ."

"ಹೂಂ. ಮೂರು ಕೊಕ್ಕೇದು. ಬೇಕಾದ್ರೆ ಕೋರ್ಟಲ್ಲಿ ಹೇಳು."

ಆಚೆ ದಡದ ಹುಲ್ಲು ಮೇಲಿನ ಮಡುಗಳಿಂದ ಇಲ್ಲಿಯವರೆಗೂ ತುಳಿತಕ್ಕೆ ಸಿಕ್ಕಿ ಮಲಗಿತ್ತು. ಹಾಗಾದರೆ ಇದು ಒಂದು ದಿನದ ಕಳ್ಳತನವಲ್ಲ. ಊರವರೆಲ್ಲ ತನ್ನ ಮನೆಯಲ್ಲಿ ಜಪಸರ ಹಿಡಿದು ಕೂತಿದ್ದಾಗ ಇವನು ಇಲ್ಲಿ ಮಡುವಿನಿಂದ ಮಡುವಿಗೆ ಇಳಿದಿದ್ದಾನೆ. ಕೊನೆಗೆ ದೊಡ್ಡದೇ ಸಿಕ್ಕಿದೆ. ಸಮುದ್ರದಿಂದ ನೆರೆ ಹತ್ತಿ ಬಂದ ಹಳೆಯ ಟ್ರೌಟ್ ಗಾಳ ಕಚ್ಚಿದರೆ ಓಡುವುದಿಲ್ಲ. ತಳದ ಬಂಡೆಗೆ ಹೊಟ್ಟೆಯೊತ್ತಿ, ಹಟ ಹಿಡಿದು ಕೂರುತ್ತದೆ. ಆಗ ಎಳೆಯಬಾರದು, ಸಡಿಲಿಸಲೂಬಾರದು. ಬಿಗಿಹಿಡಿದು ಕಾಯುತ್ತಿರಬೇಕು. ಇದು ಇಲ್ಲಿನ ಮಕ್ಕಳಿಗೂ ಗೊತ್ತು. ರೋನನ್‌ಗೂ ಗೊತ್ತಿತ್ತು. ನೊಣದ ಗಾಳ ಬೀಸುವುದನ್ನು ಅವನಿಗೆ ಅಪ್ಪ ಕಲಿಸಿದ್ದ. ಅಪ್ಪನ ಕಣ್ಣು ತಪ್ಪಿಸಿ ಸ್ಪಿನ್ನರ್ ಕಲಿಸಿದವನು ಇದೇ ಫೆಸ್ಟಿ.

"ಎಷ್ಟೊತ್ತಿಂದ ಹಿಡ್ಕೊಂಡಿದೀಯ?"

"ಬೆಳಕು ಹರಿಯೋ ಮುಂಚಿಂದ. ಕೈ ಮರಗಟ್ಟೋಗಿದೆ."

"ಬಿಡು ಅದನ್ನ."

"ಬಿಟ್ರೆ ಮತ್ತೆ ಸಿಗಲ್ಲ ಕಣೋ. ನೀನು ಹೋಗಿ ಬಾರ್ಟ್ಲೀನ ಕಳ್ಸು."

ಬಾರ್ಟ್ಲಿ ಪಕ್ಕದ ಹೊಲದವನು, ಎತ್ತಿನಂಥ ಆಳು.

"ಅವನ್ಯಾಕೆ? ಹೊರೋಕಾ?"

ಫೆಸ್ಟಿ ದಾರ ಇಳಿದ ಕಡೆ ನೋಡಿದ. "ಹೂಂ. ಹೊರೋಕೆ. ಇನ್ನಿಬ್ರನ್ನೂ ಕರ್ಕೊಂಡು ಬರ್ಲಿ."

"ಅಷ್ಟು ದೊಡ್ಡದಾ!" ಕೋಲ್ಮನ್ ನಕ್ಕ. ಎಷ್ಟೋ ದಿನದ ಮೇಲೆ ಬಂದ ನಗು, ಕೆಮ್ಮಿನ ಹಾಗೆ ಬಂತು. "ಯಾವ ಹೋಟ್ಲಿಗೆ ಮಾರ್ತೀಯೋ? ನನ್ನ ಮಗ ಮಲಗಿರೋ ನೀರಿಂದ ತೆಗ್ದು ಯಾರ ತಟ್ಟೆಗೆ ಹಾಕ್ತೀಯ?"

ಸುಳ್ಳು ಹೇಳುವುದರಲ್ಲಿ ಇಡೀ ಕಣಿವೆಯಲ್ಲಿ ಫೆಸ್ಟಿಯದೇ ಎತ್ತಿದ ಕೈ. ಇವತ್ತು ಒಂದೂ ಬಾಯಿಗೆ ಬರಲಿಲ್ಲ.

"ದಮ್ಮಯ್ಯ ಅಂತೀನಿ ಮಾರಾಯ. ಡೆಲಿಯಾ ಒಬ್ಳೇ ಇದಾಳೆ. ಅವಳ ಹತ್ರ ಹೋಗು."

ಆ ಹೆಸರು ಅವನ ಬಾಯಲ್ಲಿ ಬಂದದ್ದೇ ತಡ, ಕೋಲ್ಮನ್ ನೀರಿಗೆ ಇಳಿದ. ಬೂಟಿನೊಳಕ್ಕೆ ತಣ್ಣೀರು ನುಗ್ಗಿತು. ನಡೆಯುತ್ತಲೇ ಜೇಬಿನಿಂದ ಚಾಕು ತೆಗೆದು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದ. ಫೆಸ್ಟಿ ಕೋಲನ್ನು ಎದೆಗೆ ಅವಚಿಕೊಂಡು ಬೆನ್ನು ಕೊಟ್ಟ. ಕೋಲ್ಮನ್ ಅವನನ್ನು ಬಳಸಿ ಮುಂದೆ ಬಂದು ಎಡಗೈಯಲ್ಲಿ ದಾರ ಹಿಡಿದ.

ಮೀನು ಎಷ್ಟೇ ಹಟ ಹಿಡಿದು ಕೂತರೂ, ಅದು ತಲೆ ಕೊಡಹುವುದು ದಾರದ ಮೂಲಕ ಬೆರಳಿಗೆ ತಿಳಿಯುತ್ತದೆ. ಈ ದಾರದಲ್ಲಿ ಹೊಳೆಯ ಸೆಳೆತ ಬಿಟ್ಟರೆ ಏನೂ ಇರಲಿಲ್ಲ. ಅದು ಅವನ ಕೈಗೆ ತಿಳಿಯಿತು, ತಲೆಗೆ ಹತ್ತಲಿಲ್ಲ. ಅಲಗು ದಾರಕ್ಕೆ ತಾಗಿತು.

ಫೆಸ್ಟಿ ಥಟ್ಟನೆ ಅವನ ಮಣಿಕಟ್ಟು ಹಿಡಿದ. ಆ ಕೈ ಕಲ್ಲಿನಷ್ಟು ತಣ್ಣಗಿತ್ತು.

"ಕುಯ್ಬೇಡ್ವೋ," ಎಂದ. "ರೋನನ್ ಕಣೋ ಅದು."