ನೆಲ್ಸ್‌ನ ತುತ್ತೂರಿ

ಕೋರಿನ್ ಕೋಣೆಯ ಬೀಗ ತೆಗೆದಳು. ಲೈಲ್ ಹಾಫ್‌ಸ್ಟಾಡ್ ಮಾತ್ರ ಹೊಸ್ತಿಲಲ್ಲೇ ನಿಂತುಬಿಟ್ಟರು. ಕಾರು ಅಪಘಾತದಲ್ಲಿ ತೀರಿಕೊಂಡ ಮಗ ನೆಲ್ಸ್‌ನ ಸಾಮಾನು ಒಯ್ಯಲು ಅವರು ಅಯೋವಾ ರಾಜ್ಯದ ಇನ್ನೊಂದು ತುದಿಯಿಂದ ಬಂದಿದ್ದರು. ಕೋರಿನ್ ಕೂಡ ವಿದ್ಯಾರ್ಥಿನಿಯೇ. ಹಾಸ್ಟೆಲಿನ ಆ ಮಹಡಿಯನ್ನು ನೋಡಿಕೊಳ್ಳುವುದು ಅವಳ ಕೆಲಸ.

“ನಮ್ಮ ಹುಡ್ಗ ನಿಂಗೆ ಚೆನ್ನಾಗಿ ಗೊತ್ತಿದ್ನಾ, ಮಗಳೇ?”

ಇಂಥ ಹೊತ್ತಿಗೆಂದೇ ಅವಳಿಗೆ ಸಮಾಧಾನದ ಮಾತು ಕಲಿಸಿದ್ದರು. ಅವಳು ಇದ್ದದ್ದನ್ನೇ ಹೇಳಿದಳು. “ಅಷ್ಟಾಗಿ ಇಲ್ಲ ಸರ್. ತುತ್ತೂರಿ ಊದ್ತಿದ್ದ. ನಿಲ್ಸು ಅಂತ ಬಂದು ಬಾಗ್ಲು ಬಡೀತಿದ್ದೆ, ಅಷ್ಟೇ.”

“ಮನೇಲಿ ನಾನೂ ಅದನ್ನೇ ಮಾಡ್ತಿದ್ದೆ.” ಅವರು ಒಳಗೆ ಬಂದು, ಹಾಸಿಗೆಯ ಮೇಲಿದ್ದ ತುತ್ತೂರಿಯನ್ನು ಎತ್ತಿಕೊಂಡರು. ಮಗ ತುಟಿಯಿಡುತ್ತಿದ್ದ ಜಾಗವನ್ನು ಅಂಗಿಯ ತೋಳಿನಿಂದ ಒರೆಸಲು ಹೋಗಿ, ಕೈ ತಡೆದರು. “ನಂಗೆ ಬರಲ್ಲ. ಒಂದ್ಸಲ ಊದ್ಲಾ?”

ಅದು ಪರೀಕ್ಷೆಯ ವಾರ. ಹಗಲಿರುಳೂ ಸದ್ದು ಕೂಡದೆಂದು ಮಹಡಿಗೆಲ್ಲ ಅವಳೇ ತಾಕೀತು ಮಾಡಿದ್ದಳು. ಹೂಂ ಎಂದಳು.

ಒಡಕು ಸ್ವರವೊಂದು ಕಾರಿಡಾರಿನುದ್ದಕ್ಕೂ ಹೋಯಿತು. ಬಾಗಿಲುಗಳು ತೆರೆದವು. ಹುಡುಗರು ಓದುತ್ತಿದ್ದ ಪುಸ್ತಕ ಹಿಡಿದುಕೊಂಡೇ ಹೊರಬಂದು, ಯಾರೆಂದು ತಿಳಿದು, ಸುಮ್ಮನೆ ಗೋಡೆಗೊರಗಿ ನಿಂತರು.

ಲೈಲ್ ನಾಚಿ ತುತ್ತೂರಿಯನ್ನು ಕೆಳಗಿಳಿಸಿದರು. ಕೋರಿನ್ ಬಾಗಿಲನ್ನು ಗೋಡೆಯವರೆಗೂ ತಳ್ಳಿ ಹಿಡಿದಳು.

“ಇನ್ನೊಂದ್ಸಲ ಊದಿ ಸರ್,” ಎಂದಳು.